ಯಾರ ದಾರ ಅವರಿಗೇ

ಕತೆ ಕೇಳುವವರು ಹೂಂಗುಡಬೇಕು. ಹೂಂಗುಡಲಾರದವರು ಕೌದಿ ಹೊದ್ದು ಮಲಗಬೇಕು. ನಡುವೆ ಕೂತು ಆಕಳಿಸುವವರಿಗೆ ಈ ಕತೆ ಇಲ್ಲ.

ಗಾಳಿಕಟ್ಟೆ ಅಂತ ಒಂದೂರು. ಬೋಳು ಗುಡ್ಡದ ನೆತ್ತಿಗೆ ಅಂಟಿಕೊಂಡ ಊರು. ಮಾಗಿ ಬಂತೆಂದರೆ ಅಲ್ಲಿ ಹುಂಜ ಕೂಡ ಹೊತ್ತೇರಿದ ಮೇಲೇ ಕೂಗುವುದು. ಆ ಊರಲ್ಲಿ ನಿಂಗಾಜಮ್ಮ ಅಂತ ಒಬ್ಬ ತಾಯಿ, ಅವಳಿಗೆ ಜವರ ಅಂತ ಒಬ್ಬನೇ ಮಗ. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು.

ಹಾಗಂತ ಜವರ ತಾಯಿಯ ಮಾತು ಮೀರುವವನಲ್ಲ. ಕಷ್ಟ ಇದ್ದದ್ದೇ ಅಲ್ಲಿ! ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ಅವನು. ಬಾಗಿಲು ಕಾಯೋ ಅಂದರೆ ಬಾಗಿಲನ್ನೇ ಕಾಯುತ್ತಿದ್ದ. ಹಿತ್ತಿಲ ಕಡೆಯಿಂದ ನಾಯಿ ಬಂದು ಮುದ್ದೆ ತಿಂದುಹೋದರೂ ತಿರುಗಿ ನೋಡುತ್ತಿರಲಿಲ್ಲ. "ನಾಯಿ ಬಾಗಿಲಿಗೆ ಬರ್ಲಿಲ್ಲ ಕಣವ್ವ" ಅನ್ನುತ್ತಿದ್ದ. ಬೈದರೆ ತಲೆ ಆಡಿಸಿ, "ಆಯ್ತು ಕಣವ್ವ, ಇನ್ಮೇಲೆ ಹೆಂಗೆ ಮಾಡ್ಲಿ ಹೇಳು" ಅನ್ನುತ್ತಿದ್ದ. ಅವಳು ಹೇಳುತ್ತಿದ್ದಳು. ಅವನು ಹಾಗೇ ಮಾಡುತ್ತಿದ್ದ. ಆಗ ಇನ್ನೊಂದು ಎಡವಟ್ಟು ಆಗುತ್ತಿತ್ತು.

ಆ ವರ್ಷ ಮಾಗಿ ಬಲು ಜೋರಾಗಿ ಹಿಡಿಯಿತು. ಪಕ್ಕದ ಮನೆಯ ಎಳೆಗರು ಗಡಗಡ ನಡುಗುತ್ತಿದ್ದುದನ್ನು ನೋಡಿ ನಿಂಗಾಜಮ್ಮ, "ಪಾಪ, ಅದಕ್ಕೆ ಏನಾದ್ರೂ ಹೊದಿಸೋ" ಅಂದಳು. ಜವರ ಹೊದಿಸಿದ. ಏನನ್ನು? ಮನೆಯಲ್ಲಿದ್ದ ಒಂದೇ ಒಂದು ಕಂಬಳಿಯನ್ನು! ಬೆಳಗ್ಗೆ ಕರು ಕಂಬಳಿ ಹೊದ್ದುಕೊಂಡೇ ದನಗಳ ಜೊತೆ ಗುಡ್ಡಕ್ಕೆ ಹೋಯಿತು. ಸಂಜೆ ಕರು ಬಂತು. ಕಂಬಳಿ ಲಂಟಾನದ ಮೆಳೆಗೆಲ್ಲ ಚೂರುಚೂರಾಗಿ ಅಂಟಿಕೊಂಡು ಅಲ್ಲೇ ಉಳಿಯಿತು.

"ಅಯ್ಯೋ ನನ್ನ ಹಣೇಬರವೇ! ನಿನ್ನ ಮೈಮೇಲಿನದು ಕರುವಿಗೆ ಕೊಟ್ಟು ನೀನೇನೋ ಹೊದ್ಕೊಳ್ತೀಯ?" ಅಂತ ನಿಂಗಾಜಮ್ಮ ಹಣೆ ಹಣೆ ಚಚ್ಚಿಕೊಂಡಳು.

"ಕರು ಕೊಟ್ರೆ ಹೊದ್ಕೊಳ್ತೀನಿ ಕಣವ್ವ" ಅಂದ ಜವರ.

ಅವತ್ತು ರಾತ್ರಿ ಒಲೆಯ ಪಕ್ಕ ಮುದುಡಿ ಮಲಗಿದ ಮಗನನ್ನು ಅವಳು ನೋಡಿದಳು. ಆ ವರ್ಷ ಅವಳಿಗೂ ಕೆಮ್ಮು ಹಿಡಿದಿತ್ತು, ಬಿಡುತ್ತಿರಲಿಲ್ಲ. ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನು? ಬೇಯಿಸಿ ಇಕ್ಕುವವರು ಸಿಕ್ಕಾರು, ಇವನಿಗೆ ಹೇಳುವವರು ಯಾರು? ಹೇಳಿದ್ದನ್ನು ಹೀಗಲ್ಲ ಕಣೋ, ಹಾಗೆ ಅಂತ ತಿದ್ದುವವರು ಯಾರು? ಈ ಯೋಚನೆ ಅವಳಿಗೆ ಹೊಸದಲ್ಲ. ಆದರೆ ಕೆಮ್ಮು ಬಂದಾಗಿನಿಂದ ಅದು ಎದೆಯ ಮೇಲೆ ಕೂತು ಏಳಲೇ ಒಲ್ಲದು.

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಹೊಳೆದದ್ದೇ ನಾಚಿಕೆಯೂ ಆಯಿತು.

ಏನಪ್ಪಾ ಅಂದರೆ, ನಿಂಗಾಜಮ್ಮ ಸ್ವೆಟರ್ ಹೆಣೆಯುವವಳು. ಪ್ರಾಯದಲ್ಲಿ ಊರಿಗೆ ಬಂದಿದ್ದ ಒಬ್ಬ ನರ್ಸಮ್ಮ ಕಲಿಸಿಕೊಟ್ಟಿದ್ದ ವಿದ್ಯೆ. ಗಾಳಿಕಟ್ಟೆಯಲ್ಲಿ ಅವಳ ಕೈಯ ಸ್ವೆಟರ್ ತೊಡದ ಮೈ ಇಲ್ಲ. ಜನ ಸಂತೆಯಿಂದ ಉಲ್ಲನ್ ತಂದುಕೊಡುವುದು, ಇವಳು ಹೆಣೆದುಕೊಡುವುದು. ಅವಳದ್ದು ಒಂದೇ ಕಟ್ಟಳೆ: ಉಳಿದ ದಾರ ಗೇಣುದ್ದವಾದರೂ ಸರಿ, ಉಂಡೆ ಸುತ್ತಿ ವಾಪಸು. "ಯಾರ ದಾರ ಅವರಿಗೇ. ದುಡಿಮೆ ನಂದು, ದಾರ ನಿಮ್ದು" ಅನ್ನುವಳು. ಈ ಮಾತನ್ನು ಜವರ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದ. ಅಷ್ಟು ನಿಯತ್ತಿನ ಹೆಂಗಸಿನ ಮನೆಯಲ್ಲಿ ಒಂದೆಳೆ ದಾರ ಎಲ್ಲಿಂದ ಉಳಿದೀತು? ಊರಿಗೆಲ್ಲ ಹೆಣೆದವಳು ಹೆತ್ತ ಮಗನಿಗೆ ಒಂದು ಸ್ವೆಟರ್ ಹೆಣೆದಿರಲಿಲ್ಲ.

ಸಂತೆಗೆ ಹೋಗಿ ಹೊಸ ಉಲ್ಲನ್ ತರುವ ತಾಕತ್ತು ಕಾಲಿಗೂ ಇರಲಿಲ್ಲ, ಸೆರಗಿನ ಗಂಟಿಗೂ ಇರಲಿಲ್ಲ. ಕೊಟ್ಟದ್ದನ್ನು ವಾಪಸು ಕೇಳಬೇಕು. ಜೀವ ಹಿಡಿಯಷ್ಟಾಯಿತು. ಆದರೂ ಸಂಕ್ರಾಂತಿಯೊಳಗೆ ಮಗನ ಮೈಗೆ ಬೆಚ್ಚಗೆ ಒಂದು ಹಾಕಿಯೇ ತೀರುತ್ತೇನೆ ಅಂತ ಹಟ ತೊಟ್ಟಳು. ಎರಡೆಳೆ ಜೋಡಿಸಿ ದಪ್ಪ ಕಡ್ಡಿಯಲ್ಲಿ ಹೆಣೆದರೆ ಬೇಗ ಬೆಳೆಯುತ್ತದೆ, ಬೆಚ್ಚಗೂ ಇರುತ್ತದೆ.

ಬೆಳಗಾಯಿತು. ಮಗನನ್ನು ಕರೆದಳು.

"ಲೋ ಜವರ, ಮೇಷ್ಟ್ರ ಮನೆಗೆ ಹೋಗು. ವನಮಾಲಮ್ಮಾರ ಹತ್ರ ಹಸಿರು ಉಂಡೆ ಐತೆ. ಸುಮ್ನೆ ಬಿದ್ದಿದ್ರೆ ಅವ್ವ ಕೇಳ್ತಾಳೆ ಅನ್ನು. ತರೋವಾಗ ದಾರದ ತುದಿ ಗಟ್ಟಿಯಾಗಿ ಹಿಡ್ಕೊ. ತುದಿ ಕಳೆದ್ರೆ ಎಲ್ಲಾ ಸಿಕ್ಕಾಗ್ತದೆ. ಪ್ರಾಣ ಹೋದ್ರೂ ತುದಿ ಬಿಡಬ್ಯಾಡ!"

"ಆಯ್ತು ಕಣವ್ವ, ತುದಿ ಬಿಡಾಕಿಲ್ಲ."

ಮೇಷ್ಟ್ರ ಹೆಂಡತಿ ವನಮಾಲಮ್ಮನಿಗೆ ಹಸಿರು ಅಂದರೆ ಪ್ರಾಣ. ಗಂಡನಿಗೂ ಹಸಿರು, ಮಕ್ಕಳಿಗೂ ಹಸಿರು, ತನಗೂ ಹಸಿರು. ಅದಕ್ಕೇ ಅವರಲ್ಲಿ ಉಳಿದ ಉಂಡೆ ಕುಂಬಳಕಾಯಿ ಗಾತ್ರದ್ದು. "ತಗೊಂಡು ಹೋಗಪ್ಪ, ನನಗೇನು ಉಪಯೋಗ" ಅಂತ ಕೊಟ್ಟರು.

ಜವರ ತುದಿ ಹಿಡಿದ. ಗಟ್ಟಿಯಾಗಿ ಹಿಡಿದ. ಉಂಡೆಯನ್ನು ಜಗಲಿಯ ಮೇಲೇ ಬಿಟ್ಟ. ಹೊರಟ.

ಅವನು ನಡೆದ, ದಾರ ಬಿಚ್ಚಿತು. ಬೋರಿನ ಕೊಳಾಯಿ ಸುತ್ತಿ ಬಂದ, ದಾರವೂ ಸುತ್ತಿತು. ಆಡಿನ ಮಂದೆಯ ನಡುವೆ ತೂರಿದ, ದಾರವೂ ತೂರಿತು. ಅರಳಿಕಟ್ಟೆಗೆ ಒಂದು ಪ್ರದಕ್ಷಿಣೆ ಹಾಕಿದ, ದೇವರಲ್ಲವೇ! ದಾರವೂ ಹಾಕಿತು. ಮನೆಗೆ ಬಂದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿಹಿಡಿದ ಹಸಿರು ತುದಿಯನ್ನು ಮೇಲೆತ್ತಿ ತೋರಿಸಿದ.

"ತುದಿ ಬಿಟ್ಟಿಲ್ಲ ಕಣವ್ವ!"

"ಉಂಡೆ ಎಲ್ಲೋ?"

"ಹಿಂದೆ ಬರ್ತಾ ಐತೆ."

ನಿಂಗಾಜಮ್ಮ ಹೊರಗೆ ಬಂದು ನೋಡಿದಳು. ಊರಿಗೆ ಊರೇ ಹಸಿರು ದಾರದಲ್ಲಿ ಕಟ್ಟಿಹಾಕಿದಂತಿತ್ತು. ಒಂದು ಆಡು ಕಾಲು ಬಿಡಿಸಿಕೊಳ್ಳಲಾಗದೆ ಮೇ ಮೇ ಅನ್ನುತ್ತಿತ್ತು. ಅವಳು ಕೆಮ್ಮುತ್ತ, ಕೆಮ್ಮುತ್ತ, ದಾರ ಸುತ್ತುತ್ತ, ಹತ್ತಿಕೊಂಡ ಉಗುನಿ ಮುಳ್ಳು ಕೀಳುತ್ತ ಮೇಷ್ಟ್ರ ಮನೆ ತನಕ ಹೋದಳು. ಬರುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು.

"ಏನ್ ಜನ್ಮನೋ ನಿಂದು! ತರೋದನ್ನ ಅಂಗಿಯೊಳಗೆ ಹಾಕ್ಕೊಂಡು, ಹೊಟ್ಟೆಗೆ ಅವುಚ್ಕೊಂಡು ಬರ್ಬೇಕು ಕಣೋ!"

"ಆಯ್ತು ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

"ಸರಿ, ಮೇದರ ಬಸವಣ್ಣಿ ಹತ್ರ ಹೋಗು. ಬಿದಿರು ಸೀಳಿ ಎರಡು ದಪ್ಪ ಕಡ್ಡಿ ಚೂಪು ಮಾಡಿಕೊಡು ಅನ್ನು. ಸ್ವೆಟರ್ ಕಡ್ಡಿ ಅನ್ನು. ಅವನಿಗೆ ಗೊತ್ತಾಗ್ತದೆ."

ಬಸವಣ್ಣಿ ಬುಟ್ಟಿ ಹೆಣೆಯುವ ಕೆಲಸ ಬಿಟ್ಟು ಒಳ್ಳೇ ಬಿದಿರು ಸೀಳಿ, ಹೆರೆದು, ನುಣುಪಾಗಿ ಉಜ್ಜಿ, ಮೊಳದುದ್ದದ ಎರಡು ಕಡ್ಡಿ ಮಾಡಿಕೊಟ್ಟ. ಜವರ ಅವನ್ನು ಅಂಗಿಯೊಳಗೆ ಹಾಕಿಕೊಂಡ. ಹೊಟ್ಟೆಗೆ ಅವುಚಿಕೊಂಡ. ಕಡ್ಡಿಯ ಒಂದು ತುದಿ ಗದ್ದಕ್ಕೆ, ಇನ್ನೊಂದು ತುದಿ ಸೊಂಟಕ್ಕೆ. ಬಗ್ಗಿದರೆ ಚುಚ್ಚುತ್ತದೆ, ತಿರುಗಿದರೆ ಚುಚ್ಚುತ್ತದೆ. ಹೊಲದ ಬೆರ್ಚಪ್ಪನ ಹಾಗೆ ಸೆಟೆದುಕೊಂಡು ಊರೆಲ್ಲ ನಡೆದು ಬಂದ. ಮನೆಯ ಬಾಗಿಲೋ ಗಿಡ್ಡ ಬಾಗಿಲು. ಬಗ್ಗುವ ಹಾಗಿಲ್ಲ. ಏನು ಮಾಡಿದ? ಹೊಸ್ತಿಲ ಮುಂದೆ ಅಂಗಾತ ಮಲಗಿದ. ಉರುಳಿಕೊಂಡು ಒಳಗೆ ಬಂದ.

ಅಂಗಿಯಲ್ಲಿ ಎದೆಯ ಹತ್ತಿರ ಎರಡು ತೂತು ಬಿದ್ದಿದ್ದವು. ಇದ್ದದ್ದು ಅದೊಂದೇ ಅಂಗಿ.

"ಅಯ್ಯೋ ಪೆದ್ದಪ್ಪಾ! ಕಡ್ಡೀನ ಯಾರಾದ್ರೂ ಅಂಗಿಯೊಳಗೆ ತುರುಕ್ತಾರೇನೋ? ಕಡ್ಡಿಯಂಥದ್ದನ್ನ ಹಗ್ಗದಲ್ಲಿ ಬಿಗಿದು ಹೆಗಲ ಮ್ಯಾಲೆ ಹೊತ್ಕೊಂಡು ಬರ್ಬೇಕು!"

"ಆಯ್ತು ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ನಿಂಗಾಜಮ್ಮ ಕೂತಳು ಹೆಣೆಯಲಿಕ್ಕೆ. ಅಳತೆ ತೆಗೆಯಬೇಕು, ನಿಲ್ಲೋ ಅಂದಳು. ಜವರ ನಿಂತ. ಅವಳು ಮಗನ ಬೆನ್ನಿಗೆ ಗೇಣು ಹಾಕಿದಳು. ಊರಲ್ಲಿ ಯಾವ ಬೆನ್ನು ಎಷ್ಟಗಲ ಅಂತ ಕಣ್ಣು ಮುಚ್ಚಿ ಹೇಳಬಲ್ಲ ಕೈ ಅದು. ಈ ಬೆನ್ನು ಮಾತ್ರ ಅದಕ್ಕೆ ಹೊಸದಾಗಿತ್ತು. ಯಾವಾಗ ಇಷ್ಟು ಅಗಲ ಆದನೋ ಅಂದುಕೊಂಡಳು. ಸಂಕಟವೂ ಆಯಿತು, ಒಂಥರಾ ಹೆಮ್ಮೆಯೂ ಆಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ.

ಹಸಿರು ದಿನದಿಂದ ದಿನಕ್ಕೆ ಬೇಗ ಬೇಗ ಬೆಳೆಯಿತು. ಸೊಂಟ ಮುಗಿದು ಕಂಕುಳ ಹತ್ತಿರ ಬಂತು. ಅಲ್ಲಿ ನಿಂಗಾಜಮ್ಮನ ಕಣ್ಣು ಮಂಜಾಯಿತು. ಒಂದು ಕುಣಿಕೆ ಜಾರಿತು. ಹಿಡಿಯಹೋದರೆ ಇನ್ನೊಂದು ಜಾರಿತು. ಇದು ನನ್ನೊಬ್ಬಳಿಂದ ಆಗದು ಅಂದುಕೊಂಡಳು.

"ಲೋ ಜವರ, ಗೌರಜ್ಜೀನ ಕರ್ಕೊಂಡು ಬಾ. ತೋಳು ಕೂಡಿಸೋಕೆ ಬೇಕು. ಬರೋವಾಗ ಅವರ ಕರೀ ಉಂಡೇನೂ ತರ್ಬೇಕಂತೆ ಅನ್ನು."

ಗೌರಜ್ಜಿ ಊರಿನ ಸೂಲಗಿತ್ತಿ. ಜವರನ ಹೊಕ್ಕುಳಬಳ್ಳಿ ಕೊಯ್ದವಳೂ ಅವಳೇ. ವಯಸ್ಸಾದ ಮೇಲೆ ಮೈಯೆಲ್ಲ ಒಣಗಿ ಕಡ್ಡಿಯಾಗಿತ್ತು, ಆದರೆ ಕಣ್ಣು ಇನ್ನೂ ಚುರುಕು, ಬಾಯಿ ಅದಕ್ಕಿಂತ ಚುರುಕು. ಜವರ ಹೋಗಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ಕೆಳಗಿಂದ ಮೇಲೆ ನೋಡಿದ. ಹೊರಟುಬಂದು ಹಗ್ಗ ಹುಡುಕಿದ.

ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಗದ್ದಲವೋ ಗದ್ದಲ. ನಿಂಗಾಜಮ್ಮ ಹೊರಗೆ ಓಡಿಬಂದು ನೋಡಿದರೆ, ಮಗ ಗೌರಜ್ಜಿಯನ್ನು ಸೌದೆಹೊರೆಯ ಹಾಗೆ ಬಿಗಿದು ಹೆಗಲ ಮೇಲೆ ಹೊತ್ತು ತರುತ್ತಿದ್ದಾನೆ! ಅಜ್ಜಿಯ ಕೈಯಲ್ಲಿ ಕಪ್ಪು ಉಂಡೆ, ಬಾಯಲ್ಲಿ ಬೈಗುಳ.

"ಇಳಿಸೋ ಮುಂಡೇದೆ! ಹೆಣ ಹೊರೋ ಹಂಗೆ ಹೊರ್ತೀಯಲ್ಲೋ! ನಾನಿನ್ನೂ ಬದುಕಿವ್ನಿ ಕಣೋ!"

"ಅಯ್ಯಯ್ಯೋ, ಏನ್ಲಾ ಇದು?"

"ಕಡ್ಡಿಯಂಥದ್ದನ್ನ ಹಗ್ಗದಲ್ಲಿ ಬಿಗಿದು ತಾ ಅಂದ್ಯಲ್ಲವ್ವ! ಅಜ್ಜಿ ಕಡ್ಡಿ ಹಂಗೇ ಐತಲ್ಲ!"

ನಿಂಗಾಜಮ್ಮ ಹಗ್ಗ ಬಿಚ್ಚಿ, ಕಾಲು ಮುಟ್ಟಿ, ಕಾಫಿ ಕೊಟ್ಟು, ಅಜ್ಜಿಯನ್ನು ಸಮಾಧಾನ ಮಾಡಬೇಕಾದರೆ ಸಾಕುಸಾಕಾಯಿತು. ಕಾಫಿ ಕುಡಿದ ಅಜ್ಜಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಮದುವೆ ದಿನ ನಮ್ಮೆಜಮಾನ ಕೂಡ ಹಿಂಗೆ ಹೊತ್ತಿರ್ಲಿಲ್ಲ ಕಣೇ ನಿಂಗಾಜಿ" ಅಂದಳು. ನಗು ಬರುತ್ತಿತ್ತು, ತೋರಿಸಿಕೊಳ್ಳಲಿಲ್ಲ.

"ನೋಡ್ಲಾ ಜವರ, ದೊಡ್ಡವರನ್ನ ಹಂಗೆಲ್ಲ ಹೊರಬಾರ್ದು. ಕೈ ಮುಗಿದು ನಿಂತ್ಕೊಬೇಕು. ಅವರು ಮುಂದೆ ನಡೀಬೇಕು, ನೀನು ಹಿಂದೆ ಬರ್ಬೇಕು. ತಿಳೀತಾ?"

"ತಿಳೀತು ಕಣವ್ವ."

"ಹಂಗಾದ್ರೆ ಪುಟ್ಟಶೆಟ್ಟರ ಅಂಗಡಿಗೆ ಹೋಗು. ಕೆಂಪು ಉಂಡೆ ಕೊಡ್ತಾರೆ, ಬೇಗ ತಾ. ಅದೊಂದು ಬಂದ್ರೆ ತೋಳು ಆಗ್ತದೆ."

ಪುಟ್ಟಶೆಟ್ಟರು ಹೊಟ್ಟೆ ದೊಡ್ಡದಿದ್ದವರು, ಮಾತೂ ದೊಡ್ಡದಿದ್ದವರು. ಅಟ್ಟದ ಮೇಲಿನ ಡಬ್ಬ ಕೆಳಗಿಳಿಸಿ, ಧೂಳು ಊದಿ, ಕೆಂಪು ಉಂಡೆ ತೆಗೆದು ಜವರನ ಕೈಯಲ್ಲಿಟ್ಟರು. "ಜೋಪಾನ ಕಣೋ. ನನ್ನ ಮದುವೆ ವರ್ಷದ್ದು. ನಿನಗಿಂತ ದೊಡ್ಡದು ಇದು!" ಅಂದರು.

ನನಗಿಂತ ದೊಡ್ಡದಾ? ಜವರ ಬೆಚ್ಚಿಬಿದ್ದ. ಮೆಲ್ಲಗೆ ಉಂಡೆಯನ್ನು ಬೀದಿಯ ನಡುವೆ ಇಳಿಸಿದ. ಎರಡು ಹೆಜ್ಜೆ ಹಿಂದೆ ಸರಿದ. ಕೈ ಮುಗಿದ. ನಿಂತ.

ಇತ್ತ ನಿಂಗಾಜಮ್ಮ ಕಾಯುತ್ತಾಳೆ. ಮಧ್ಯಾಹ್ನ ಕಳೆಯಿತು. ಗೌರಜ್ಜಿ ಒಂದು ತೋಳು ಮುಗಿಸಿ ಮನೆಗೆ ಹೋದಳು. ದನ ಮನೆಗೆ ಬಂದವು. ಗಾಳಿ ತಣ್ಣಗಾಯಿತು. ಮಗ ಬರಲಿಲ್ಲ. ಸೆರಗು ಹೊದ್ದುಕೊಂಡು ಹುಡುಕಲು ಹೊರಟಳು.

ಅಂಗಡಿಯ ಮುಂದೆ ಬೀದಿ ಮಧ್ಯೆ ಕೆಂಪು ಉಂಡೆ. ಅದರ ಹಿಂದೆ ಕೈಮುಗಿದು ನಿಂತ ಮಗ. ಹಲ್ಲು ಕಟಕಟ ಅನ್ನುತ್ತಿದ್ದವು. ಅಂಗಿಯ ಎರಡು ತೂತಿನಿಂದ ಗಾಳಿ ಒಳಗೆ ಹೋಗಿ ಬೆನ್ನ ಕಡೆ ಉಬ್ಬಿತ್ತು. ದಾರಿಹೋಕರು ಅವನನ್ನು ಸುತ್ತಿ ಹೋಗುತ್ತಿದ್ದರು.

"ಏನೋ ಮಾಡ್ತಿದೀಯ ಇಲ್ಲಿ?"

"ಶ್! ಮೆಲ್ಲಗೆ ಮಾತಾಡವ್ವ. ದೊಡ್ಡೋರು. ಮುಂದೆ ನಡೀಲಿ ಅಂತ ಕಾಯ್ತಾ ಇವ್ನಿ."

ಅವಳಿಗೆ ಬೈಯಬೇಕು ಅನ್ನಿಸಿತು. ಬಾಯಿ ತೆರೆದದ್ದೂ ಆಯಿತು. ಆದರೆ ಮಗನ ಮುಗಿದ ಕೈ ಮುಟ್ಟಿ ನೋಡಿದರೆ ಹಿಮ. ಇಷ್ಟು ಹೊತ್ತು ನಿಂತಿದ್ದಾನೆ, ನನ್ನ ಮಾತು ಮೀರಬಾರದು ಅಂತ ನಿಂತಿದ್ದಾನೆ. ಇಂಥ ನಂಬಿಕೆಯನ್ನು ನಾನು ಯಾರ ಕೈಗೆ ಒಪ್ಪಿಸಿ ಹೋಗಲಿ ಅಂದುಕೊಳ್ಳುತ್ತ ಆ ಕೈಗಳನ್ನು ಸೆರಗಿನಲ್ಲಿ ಸುತ್ತಿದಳು.

"ಮಗಾ, ದಾರ ತಾನಾಗಿ ನಡೆಯಾಕಿಲ್ಲ ಕಣೋ. ತಾನಾಗಿ ನಡೆಯದೇ ಇರೋದನ್ನ ನಾವೇ ತಗೊಂಡೋಗಿ ಸೇರಿಸ್ಬೇಕು."

"ಆಯ್ತು ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಅಂತೂ ಇಂತೂ ಸಂಕ್ರಾಂತಿಯ ಹಿಂದಿನ ದಿನ ಬೆಳಗ್ಗೆ ಸ್ವೆಟರ್ ಮುಗಿಯಿತು. ಮೈ ಹಸಿರು, ಒಂದು ತೋಳು ಕೆಂಪು, ಇನ್ನೊಂದು ತೋಳು ಕಪ್ಪು, ಕುತ್ತಿಗೆ ಸುತ್ತ ಮೂರೂ ಬಣ್ಣ. ಗೌರಜ್ಜಿ ಹೆಣೆದ ತೋಳು ಬಿಗಿ, ನಿಂಗಾಜಮ್ಮ ಹೆಣೆದ ತೋಳು ಸಡಿಲ. ಇರಲಿ ಬಿಡಿ, ಬೆಚ್ಚಗಿತ್ತು. ಜವರ ತಲೆ ತೂರಿಸಿಕೊಂಡ. ಎರಡೂ ತೋಳನ್ನು ಮುಂದೆ ಚಾಚಿ, ಮೂಗಿಗೆ ಒತ್ತಿ ಮೂಸಿದ.

ನಿಂಗಾಜಮ್ಮನಿಗೆ ಎಷ್ಟೋ ದಿನದ ಮೇಲೆ ಕಣ್ಣು ತುಂಬ ನಿದ್ದೆ ಬಂತು. ಮೊರದಲ್ಲಿ ತುಂಡು ತುಂಡು ದಾರ ಉಳಿದಿತ್ತು. ಬಿದ್ದುಕೊಳ್ಳುವ ಮೊದಲು, ರೂಢಿಯ ಮಾತು, ಬಾಯಿಗೆ ಬಂದೇ ಬಿಟ್ಟಿತು:

"ಲೋ, ದಾರ ಅವರವರ ಮನೆಗೆ ಕೊಟ್ಟು ಬಂದ್ಬಿಡು. ಗೇಣುದ್ದನೂ ಇಟ್ಕೊಬಾರ್ದು. ಯಾರ ದಾರ ಅವರಿಗೇ."

ಎದ್ದಾಗ ಬಿಸಿಲು ವಾಲಿತ್ತು. ಎದುರಿಗೆ ಮಗ ನಿಂತಿದ್ದ. ಎರಡು ತೂತಿನ ಅಂಗಿ. ಮೈಯೆಲ್ಲ ನಡುಕ. ಮುಖದ ತುಂಬ ನಗು.

"ಕೊಟ್ಟು ಬಂದೆ ಕಣವ್ವ! ಗೇಣುದ್ದನೂ ಇಟ್ಕೊಂಡಿಲ್ಲ!"

"ಸ್ವೆಟರ್ ಎಲ್ಲೋ?"

"ಅದೇ ಕಣವ್ವ! ಕುತ್ತಿಗೆ ಹತ್ರ ತುದಿ ಹುಡುಕಿದೆ. ಗಟ್ಟಿಯಾಗಿ ಹಿಡ್ಕೊಂಡೆ, ಬಿಡ್ಲಿಲ್ಲ. ಎಳೆದೆ, ಎಳೆದೆ, ಎಲ್ಲಾ ಬಂತು. ಬಣ್ಣಬಣ್ಣ ಬೇರೆ ಮಾಡಿ ಉಂಡೆ ಸುತ್ತಿದೆ. ಅಂಗಿಯೊಳಗೆ ಹೊಟ್ಟೆಗೆ ಅವುಚ್ಕೊಂಡು ಹೋದೆ. ದೊಡ್ಡೋರಿಗೆ ಕೈ ಮುಗಿದೆ. ಹಸಿರು ಅಮ್ಮೋರಿಗೆ, ಕೆಂಪು ಶೆಟ್ಟರಿಗೆ, ಕಪ್ಪು ಅಜ್ಜಿಗೆ. ಒಂದೂ ತಪ್ಪಿಲ್ಲ ಕಣವ್ವ!"

ಅವಳು ಬೈಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಅಳಲೂ ಇಲ್ಲ. ಗೋಡೆಗೆ ಒರಗಿ ಸುಮ್ಮನೆ ಕೂತುಬಿಟ್ಟಳು.

ಜವರ ಕಾದ. ಬೈಗುಳ ಬರಲಿಲ್ಲ. ಹೆದರಿಕೆಯಾಯಿತು. ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಅವ್ವಾ, ಬೈಯವ್ವ."

ಅವಳು ಬರಿದಾದ ಮೊರದ ಕಡೆ ನೋಡಿದಳು.

"ಬೈಯವ್ವ. ಇನ್ಮೇಲೆ ಹೆಂಗೆ ಮಾಡ್ಲಿ, ಹೇಳವ್ವ."

"ಎಲ್ಲಾನೂ ನಾನೇ ಹೇಳ್ಬೇಕಲ್ಲ ಮಗಾ. ನಾನು ಹೋದ ಮೇಲೆ ನಿಂಗೆ ಯಾರೋ ಹೇಳೋರು?"

ಜವರ ಯೋಚನೆ ಮಾಡಿದ. ತುಂಬ ಹೊತ್ತು ಮಾಡಿದ. "ಹೋಗೋವಾಗ ಹೇಳಿ ಹೋಗವ್ವ" ಅಂದ.

ಆಗ ಅವಳು ಅತ್ತಳು.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ವನಮಾಲಮ್ಮ. ಕೈಯಲ್ಲಿ ಹಸಿರು ಉಂಡೆ. "ನಿಂಗಾಜಮ್ಮ, ಈ ದಾರ ಗುಂಗುರು ಗುಂಗುರಾಗಿದೆ. ಇದು ಉಳಿದ ದಾರ ಅಲ್ಲ, ಹೆಣೆದು ಬೇಡ ಅಂತ ಬಿಚ್ಚಿದ್ದು. ಏನಾಯ್ತು ತಾಯಿ?" ಅವರ ಹಿಂದೆ ಗೌರಜ್ಜಿ, "ನನ್ನ ತೋಳು ಬಿಚ್ಚಿದ ಗಂಡ್ಸು ಯಾವನೇ?" ಅಂತ ಕೂಗುತ್ತ ಬಂದಳು. ಪುಟ್ಟಶೆಟ್ಟರು ತಾವು ಬರಲಿಲ್ಲ, ಕೆಂಪು ಉಂಡೆಯನ್ನು ಹೆಂಡತಿಯ ಕೈಯಲ್ಲಿ ಕಳಿಸಿದ್ದರು. ನಡೆದದ್ದನ್ನು ಕೇಳಿ ಎಲ್ಲರೂ ನಕ್ಕರು. ನಕ್ಕವರು ನಿಂಗಾಜಮ್ಮನ ಮುಖ ನೋಡಿ ಸುಮ್ಮನಾದರು. ಬಸವಣ್ಣಿಯ ಹತ್ತಿರ ಇನ್ನೆರಡು ಜೊತೆ ಕಡ್ಡಿ ಮಾಡಿಸಿಕೊಂಡು ಜಗಲಿಯ ಮೇಲೆ ಕೂತರು. ಗೌರಜ್ಜಿ ಒಂದು ತೋಳು ಹಿಡಿದಳು, ವನಮಾಲಮ್ಮ ಇನ್ನೊಂದು ತೋಳು, ನಿಂಗಾಜಮ್ಮ ಮೈ. ಹಬ್ಬದ ದಿನ ಒಬ್ಬೊಬ್ಬರೂ ಎಳ್ಳುಬೆಲ್ಲ ಬೀರಿ ಬಂದು ಮತ್ತೆ ಕೂತರು. ಹಬ್ಬ ಕಳೆದು ಮಾರನೇ ದಿನ ಸ್ವೆಟರ್ ಮತ್ತೆ ಆಯಿತು.

ನಿಂಗಾಜಮ್ಮ ಈ ಸಲ ಹುಷಾರಾದಳು. ಮಗನಿಗೆ ತೊಡಿಸಿ, ಎದೆಯ ಮೇಲೆ ಕೈಯಿಟ್ಟು ಹೇಳಿದಳು:

"ಇನ್ನು ಇದನ್ನ ಮೈಯಿಂದ ತೆಗೆಯಂಗಿಲ್ಲ. ಯಾರು ಏನೇ ಅಂದ್ರೂ ತೆಗೆಯಂಗಿಲ್ಲ. ತಿಳೀತಾ?"

"ತಿಳೀತು ಕಣವ್ವ."

ಮರುದಿನ ಬೆಳಗ್ಗೆ ಎದ್ದರೆ ಮಗ ಇಲ್ಲ! ಒಲೆಯ ಹತ್ತಿರ ಇಲ್ಲ, ಹಿತ್ತಿಲಲ್ಲಿ ಇಲ್ಲ. ಬೀದಿಗೆ ಓಡಿಬಂದಳು. ನೋಡಿದರೆ ಮೇಷ್ಟ್ರ ಮನೆಯ ಜಗಲಿಯ ಮೇಲೆ ಜವರ ಕಾಲು ಚಾಚಿ ಕೂತಿದ್ದಾನೆ. ಮೈಮೇಲೆ ಸ್ವೆಟರ್ ಇದೆ. ಕೈಯಲ್ಲಿ ಅಕ್ಕಿರೊಟ್ಟಿ ಇದೆ. ಪಕ್ಕದಲ್ಲಿ ವನಮಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾರೆ.

"ಇಲ್ಲೇನೋ ಮಾಡ್ತಿದೀಯ?"

"ದಾರ ವಾಪಸು ಕೊಡಾಕೆ ಬಂದೆ ಕಣವ್ವ. ಯಾರ ದಾರ ಅವರಿಗೇ ಅಂದ್ಯಲ್ಲ. ಮೈಯಿಂದ ತೆಗೀಬ್ಯಾಡ ಅಂದೆ. ದಾರ ತಾನಾಗಿ ನಡೆಯಾಕಿಲ್ಲ, ನಾವೇ ತಗೊಂಡೋಗಿ ಸೇರಿಸ್ಬೇಕು ಅಂದೆ. ಅದಕ್ಕೇ ಅದರ ಜೊತೆ ನಾನೂ ಬಂದಿವ್ನಿ." ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. "ಹಸಿರು ಜಾಸ್ತಿ ಐತೆ. ಮಧ್ಯಾಹ್ನದ ತನಕ ಅಮ್ಮೋರ ಮನೆ. ಆಮೇಲೆ ಕೆಂಪು, ಶೆಟ್ಟರ ಅಂಗಡಿ. ಸಂಜೆ ಕಪ್ಪು, ಅಜ್ಜಿ ಮನೆ. ದಿನಾ ಕೊಡ್ತೀನಿ ಕಣವ್ವ, ಒಬ್ಬರದ್ದೂ ಇಟ್ಕೊಳ್ಳಾಕಿಲ್ಲ."

ನಿಂಗಾಜಮ್ಮ ವನಮಾಲಮ್ಮನ ಮುಖ ನೋಡಿದಳು. ನಾಚಿಕೆಯಿಂದ ತಲೆ ತಗ್ಗಿತು. "ತಪ್ಪು ತಿಳೀಬೇಡಿ ಅಮ್ಮಾರೆ, ಇವನಿಗೆ ನಾನು ಬುದ್ಧಿ ಹೇಳಿ..."

"ಹೇಳಬೇಡಿ" ಅಂದರು ವನಮಾಲಮ್ಮ. "ದಾರ ನಮ್ಮದೇ ತಾನೆ? ದಿನಾ ಬರಲಿ ಬಿಡಿ. ಬೆಳಗ್ಗೆ ನೀರು ಸೇದಿಕೊಟ್ಟ. ಸಾಕು ಅನ್ನೋದನ್ನ ಮರೆತೆ ನೋಡಿ, ಹಂಡೆ, ಬಕೆಟ್ಟು, ಲೋಟ, ಮೇಷ್ಟ್ರ ಚಪ್ಪಲಿ, ಎಲ್ಲಕ್ಕೂ ತುಂಬಿಸಿಟ್ಟಿದ್ದಾನೆ."

ನಿಂಗಾಜಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಮಗನಿಗೆ ಹೊಸ ಬುದ್ಧಿ ಹೇಳಲು ತೆರೆದ ಬಾಯಿ ಹಾಗೇ ಮುಚ್ಚಿತು. ಹುಟ್ಟಿದಾಗಿನಿಂದ ಹೇಳಿ ಹೇಳಿ ತಿದ್ದಿದ್ದಳು. ಇದೊಂದನ್ನು ತಿದ್ದಬಾರದು ಅನ್ನಿಸಿತು. ಎದೆಯ ಮೇಲೆ ಕೂತಿದ್ದದ್ದು ಎಷ್ಟೋ ಕಾಲದ ಮೇಲೆ ಎದ್ದು ಒಂದಿಷ್ಟು ಪಕ್ಕಕ್ಕೆ ಸರಿದು ಕೂತಿತು.

ಜವರ ಮಾತ್ರ ರೊಟ್ಟಿ ತಿನ್ನುವುದು ನಿಲ್ಲಿಸಿದ್ದ. ಸ್ವೆಟರ್ ಎತ್ತಿ ಎತ್ತಿ ನೋಡುತ್ತಿದ್ದ. ಮುಂದೆ ನೋಡಿದ, ತೋಳು ನೋಡಿದ, ಕುತ್ತಿಗೆ ಎಳೆದು ನೋಡಿದ. ಮುಖ ಸಣ್ಣದಾಯಿತು.

"ಅವ್ವಾ, ಇದರಲ್ಲಿ ನಿನ್ನ ದಾರ ಯಾವುದು?"

"ನಂದಾ? ನಂದು ಒಂದೆಳೆಯೂ ಇಲ್ಲವಲ್ಲೋ."

"ಹಂಗಾದ್ರೆ ರಾತ್ರಿ ನಾನು ನಮ್ಮನೆಗೆ ಬರಂಗಿಲ್ವಾ?"

ನೋಡಿ, ಪೆದ್ದನ ಲೆಕ್ಕ! ಆದರೆ ಕಣ್ಣಲ್ಲಿ ನೀರು ನಿಂತಿತ್ತು. ನಿಂಗಾಜಮ್ಮ ನಗಲಿಲ್ಲ. ತನ್ನ ಹಳೇ ಸೀರೆಯ ಸೆರಗಿನಿಂದ ಒಂದೆಳೆ ಎಳೆದಳು. ಮಾಸಿದ ನೂಲು, ನೀಲಿಯೋ ಬೂದಿಯೋ ಹೇಳಲಾಗದ ಬಣ್ಣ. ಅದನ್ನು ಮಗನ ಎದೆಯ ಹತ್ತಿರ, ಎರಡು ಕುಣಿಕೆಗಳ ನಡುವೆ ತೂರಿಸಿ, ಗಟ್ಟಿಯಾಗಿ ಗಂಟು ಹಾಕಿ, ಒಂದು ಬೆರಳುದ್ದ ತುದಿ ಹೊರಗೆ ಬಿಟ್ಟಳು.

"ಇದು ನಂದು. ದೀಪ ಹಚ್ಚೋ ಹೊತ್ತಿಗೆ ತಂದ್ಕೊಡು."

"ಆಯ್ತು ಕಣವ್ವ!"

ಅವತ್ತು ಸಂಜೆ ದೀಪ ಹಚ್ಚಿ ಅವಳು ಹೊಸ್ತಿಲಲ್ಲಿ ಕೂತಿದ್ದಳು. ಬೀದಿಯ ಕೊನೆಯಲ್ಲಿ ಮಗ ಕಾಣಿಸಿದ. ಒಂದು ಕೈಯಲ್ಲಿ ಶೆಟ್ಟರು ಕೊಟ್ಟ ಬೆಲ್ಲದಚ್ಚು, ಕಂಕುಳಲ್ಲಿ ಅಜ್ಜಿ ಕೊಟ್ಟ ಗೆಣಸು. ಇನ್ನೊಂದು ಕೈ ಎದೆಯ ಮೇಲೆ. ಕತ್ತು ಬಗ್ಗಿಸಿ, ಎರಡು ಬೆರಳ ನಡುವೆ ಆ ಬೂದಿ ಎಳೆಯನ್ನು ಒತ್ತಿಹಿಡಿದು, ಕಣ್ಣು ಅದರ ಮೇಲೇ ನೆಟ್ಟು ನಡೆದು ಬರುತ್ತಿದ್ದ. ಮುಂದೆ ನೋಡುವ ಗೊಡವೆಯೇ ಇಲ್ಲ. ಬಂದ, ಬಂದ, ಗಿಡ್ಡ ಬಾಗಿಲಿಗೆ ಹಣೆ ಢಣ್ಣನೆ ಬಡಿಸಿಕೊಂಡ. ಬೆಲ್ಲ ಒಂದು ಕಡೆ ಬಿತ್ತು. ಗೆಣಸು ಒಂದು ಕಡೆ ಉರುಳಿತು. ಹಣೆಯಲ್ಲಿ ಬೋರೆಹಣ್ಣಿನಷ್ಟು ಬುಗುಟು ಎದ್ದಿತು.

ಆ ಎರಡು ಬೆರಳು ಮಾತ್ರ ಸಡಿಲಲಿಲ್ಲ.

"ತುದಿ ಬಿಟ್ಟಿಲ್ಲ ಕಣವ್ವ!" ಅಂದ.